ಮೇಲ್ ಇದ್ದರೆ ಸಾಲದೇ? ಮ್ಯಾಂಚೆಸ್ಟರ್ ಸಿಟಿಯ ‘115’ ಮತ್ತು ರುಜುವಾತಿನ ಕಷ್ಟ

ಪ್ರಶ್ನೆ (2025ರ ಮಾರ್ಚ್‌ನಲ್ಲಿ ಬಂದದ್ದು): ನಾನು ದಾವಣಗೆರೆಯವನು, ಬೆಂಗಳೂರಿನಲ್ಲಿ ಕೆಲಸ. 2012ರ ಮೇ 13ರ ರಾತ್ರಿ ಹಾಸ್ಟೆಲ್ ಟಿವಿಯಲ್ಲಿ ಅಗ್ವೆರೋ ಕೊನೇ ಗಳಿಗೆಯ ಗೋಲು ಹೊಡೆದದ್ದನ್ನು ನೋಡಿದಾಗಿನಿಂದ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಸಿಟಿಯ ಅಭಿಮಾನಿ. ನನ್ನ ಷಡ್ಡಕ ಲಿವರ್‌ಪೂಲ್ ಕಡೆಯವರು. ಹಬ್ಬಕ್ಕೆ ಮಾವನ ಮನೆಯಲ್ಲಿ ಸೇರಿದರೆ ಹೋಳಿಗೆ ಬಡಿಸುವಾಗಲೂ ‘ನೂರಾ ಹದಿನೈದು ಹಾಕಲಾ?’ ಅಂತ ಕಾಲೆಳೆಯುತ್ತಾರೆ. ಪ್ರೀಮಿಯರ್ ಲೀಗ್ ಸಿಟಿ ಮೇಲೆ ಹೊರಿಸಿರುವ ನಿಯಮಭಂಗದ ಆರೋಪಗಳ ಸಂಖ್ಯೆ ಅದು. ಅವರ ವಾದ ಇಷ್ಟು: ಕ್ಲಬ್ಬಿನ ಒಳಗಿನ ಮೇಲ್‌ಗಳೇ ಹೊರಬಿದ್ದಿವೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಎವರ್ಟನ್‌ಗೆ ತಿಂಗಳುಗಳಲ್ಲೇ ಅಂಕ ಕಿತ್ತರು, ಸಿಟಿಗೆ ವರ್ಷಗಳೇ ಕಳೆದರೂ ಏನೂ ಇಲ್ಲ, ಎಲ್ಲ ದುಡ್ಡಿನ ಮಹಿಮೆ. ನನ್ನ ವಾದ: 2020ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯ ಮಂಡಳಿ ಖುಲಾಸೆ ಮಾಡಿದೆ, ಲೆಕ್ಕವೆಲ್ಲ ಆಡಿಟ್ ಆಗಿದೆ, ಮತ್ತೆ ಅದೇ ಕೇಸು ಯಾಕೆ? ನೀವು ಕಂಪನಿ ಲೆಕ್ಕದ ಮೋಸ ಹುಡುಕುವ ಆಡಿಟರ್. ಇಂಥದ್ದನ್ನು ಸಾಬೀತು ಮಾಡುವುದು ನಿಜಕ್ಕೂ ಸಾಧ್ಯವೇ? ನಾನು ಕುಣಿದದ್ದೆಲ್ಲ ಸುಳ್ಳಾ?

ಉತ್ತರ:

ನಿಮ್ಮ ಷಡ್ಡಕರ ಹೊಟ್ಟೆಯುರಿಗೆ ಕಾರಣವಿದೆ. 2018-19ರಲ್ಲಿ ಲಿವರ್‌ಪೂಲ್ 97 ಅಂಕ ಗಳಿಸಿಯೂ 98 ಗಳಿಸಿದ ಸಿಟಿಯ ಹಿಂದೆ ನಿಂತಿತು. 2021-22ರಲ್ಲಿ 92 ಮತ್ತು 93. ಒಂದೊಂದು ಅಂಕದಲ್ಲಿ ಎರಡು ಸಲ ಕಪ್ ಕೈತಪ್ಪಿದರೆ ಯಾರಾದರೂ ಎದುರಾಳಿಯ ಲೆಕ್ಕದ ಪುಸ್ತಕ ತೆರೆದು ನೋಡಬೇಕೆನ್ನುತ್ತಾರೆ. ಆದರೆ ಅವರಿಗೆ ಗೊತ್ತಿರಲಾರದ ಒಂದು ಸಂಗತಿ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಇಂಗ್ಲೆಂಡಿನ ವಕೀಲನಲ್ಲ. ಸಿಟಿ ಎಲ್ಲ ಆರೋಪಗಳನ್ನೂ ನಿರಾಕರಿಸಿದೆ, ತನ್ನ ಪರ ಅಲ್ಲಗಳೆಯಲಾಗದ ಪುರಾವೆ ಇದೆ ಎಂದಿದೆ. ವಿಚಾರಣೆ 2024ರ ಸೆಪ್ಟೆಂಬರ್ 16ಕ್ಕೆ ಲಂಡನ್ನಿನಲ್ಲಿ ಮುಚ್ಚಿದ ಬಾಗಿಲ ಹಿಂದೆ ಶುರುವಾಗಿ ಡಿಸೆಂಬರ್‌ನಲ್ಲಿ ಮುಗಿದಿದೆ. 2025ರ ಮಾರ್ಚ್‌ನಲ್ಲಿ ಈ ಸಾಲು ಬರೆಯುವಾಗ ತೀರ್ಪು ಬಂದಿಲ್ಲ. ಹಾಗಾಗಿ ‘ಮಾಡಿದ್ದಾರೋ ಇಲ್ಲವೋ’ ಎಂಬುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ‘ಮಾಡಿದ್ದೇ ಆದರೆ ತೋರಿಸಿಕೊಡುವುದು ಹೇಗೆ’ ಎಂಬುದು ಮಾತ್ರ ನನ್ನ ದಿನನಿತ್ಯದ ಕೆಲಸ. ಅಷ್ಟನ್ನೇ ಹೇಳುತ್ತೇನೆ.

ಮೊದಲು ಆ ಸಂಖ್ಯೆ. 2023ರ ಫೆಬ್ರುವರಿ 6ಕ್ಕೆ ಪ್ರೀಮಿಯರ್ ಲೀಗ್ ಪ್ರಕಟಿಸಿದ ಪಟ್ಟಿಯಲ್ಲಿ ಇದ್ದದ್ದು ವರ್ಷವಾರು ನಿಯಮಗಳ ಸಂಖ್ಯೆಗಳು. ಒಂದೇ ಸಂಗತಿ ಐದು ನಿಯಮಕ್ಕೆ ತಾಗಿ, ಒಂಬತ್ತು ಸೀಸನ್ ಮುಂದುವರಿದಿದ್ದರೆ ನಲವತ್ತೈದು ಸಲ ಎಣಿಕೆಯಾಗುತ್ತದೆ. ಹಾಗೆ ಎಣಿಸಿದಾಗ 115 ಬಂತು. ಪಟ್ಟಿಯಲ್ಲಿದ್ದ ತಪ್ಪು ತಿದ್ದಿದರೆ 130ರ ಆಸುಪಾಸು ಎನ್ನುವವರೂ ಇದ್ದಾರೆ. ಒಡೆದು ನೋಡಿದರೆ 54 ಕ್ಲಬ್ಬಿನ ಹಣಕಾಸಿನ ನಿಜವಾದ ಚಿತ್ರ ಕೊಡಲಿಲ್ಲ ಎಂಬುದಕ್ಕೆ, 14 ಮ್ಯಾನೇಜರ್ ಮತ್ತು ಆಟಗಾರರಿಗೆ ಕೊಟ್ಟ ಹಣದ ಪೂರ್ತಿ ವಿವರ ಕೊಡಲಿಲ್ಲ ಎಂಬುದಕ್ಕೆ, 5 ಯುರೋಪಿನ ಒಕ್ಕೂಟ ಯುಇಎಫ್‌ಎ ನಿಯಮ ಪಾಲಿಸಲಿಲ್ಲ ಎಂಬುದಕ್ಕೆ, 7 ಲೀಗಿನದೇ ನಷ್ಟದ ಮಿತಿಗೆ. ಉಳಿದ 35 ತನಿಖೆಗೆ ಸಹಕರಿಸಲಿಲ್ಲ ಎಂಬುದಕ್ಕೆ. ಅಂದರೆ ನೂರಾ ಹದಿನೈದು ಬೇರೆ ಬೇರೆ ಕಳ್ಳತನಗಳ ಪಟ್ಟಿಯಲ್ಲ ಇದು. ಮೂರು ನಾಲ್ಕು ಎಳೆಗಳು. ಅದರಲ್ಲೂ ಒಂದು ಎಳೆ ಎಷ್ಟು ದಪ್ಪವೆಂದರೆ ಅದು ಕಳಚಿದರೆ ಉಳಿದವು ತಾವಾಗಿಯೇ ಸಡಿಲಾಗುತ್ತವೆ. ಸ್ಪಾನ್ಸರ್‌ಶಿಪ್ ಹೆಸರಿನಲ್ಲಿ ಬಂದ ದುಡ್ಡು ನಿಜಕ್ಕೂ ಸ್ಪಾನ್ಸರ್‌ನದೋ, ಕ್ಲಬ್ಬಿನ ಮಾಲೀಕರದೋ ಎಂಬ ಎಳೆ ಅದು.

ಎವರ್ಟನ್ ಹೋಲಿಕೆ ಎಲ್ಲರೂ ಮಾಡುತ್ತಾರೆ, ಅದು ದಾರಿ ತಪ್ಪಿಸುವ ಹೋಲಿಕೆ. ಲೀಗಿನ ಆಗಿನ ನಿಯಮ ಹೀಗಿತ್ತು: ಮೂರು ವರ್ಷದಲ್ಲಿ ಒಟ್ಟು ನಷ್ಟ 10.5 ಕೋಟಿ ಪೌಂಡ್ ದಾಟಬಾರದು. ಎವರ್ಟನ್‌ನದು 12.45 ಕೋಟಿ ಎಂದು ಲೀಗಿನ ಇಂಥ ಆರೋಪಗಳನ್ನು ವಿಚಾರಿಸುವ ಸ್ವತಂತ್ರ ಪಂಚಾಯ್ತಿ ಕಂಡಿತು. ಕ್ಲಬ್ಬೇ ಕೊಟ್ಟ ಲೆಕ್ಕ ಮುಂದಿತ್ತು, ಮಿತಿ ದಾಟಿದ್ದನ್ನು ಕ್ಲಬ್ಬೂ ಕೊನೆಗೆ ಒಪ್ಪಿತ್ತು, ಜಗಳವಿದ್ದದ್ದು ಎಷ್ಟು ದಾಟಿದೆ, ಯಾವ ಖರ್ಚನ್ನು ಬಿಡಬಹುದು ಎಂಬುದರಲ್ಲಿ. 2023ರ ಮಾರ್ಚ್‌ನಲ್ಲಿ ಆರೋಪ, ನವೆಂಬರ್‌ನಲ್ಲಿ 10 ಅಂಕ ಕಡಿತ, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ತನ್ನ 6.1 ಕೋಟಿ ಮಿತಿಯನ್ನು 3.45 ಕೋಟಿ ದಾಟಿ 4 ಅಂಕ ಕಳೆದುಕೊಂಡದ್ದೂ ಇದೇ ಜಾತಿಯ ಪ್ರಕರಣ. ಇವೆಲ್ಲ ಕೂಡಿ ಕಳೆಯುವ ಕೆಲಸ. ಕಟ್ಟಡದ ಪರವಾನಗಿ ಮೂರು ಮಹಡಿಗೆ, ಕಟ್ಟಿದ್ದು ನಾಲ್ಕು. ಎದುರಿನ ಫುಟ್‌ಪಾತ್‌ನಲ್ಲಿ ನಿಂತು ಎಣಿಸಿದರಾಯಿತು.

ಸಿಟಿ ಮೇಲಿನ ಆರೋಪದಲ್ಲಿ ಹೀಗೆ ಎಣಿಸಲಾಗುವುದಿಲ್ಲ. ಪುಸ್ತಕದ ಪ್ರಕಾರ ಸಿಟಿ ಮಿತಿಯೊಳಗೇ ಇದೆ. ಲೀಗ್ ಹೇಳುತ್ತಿರುವುದು ಪುಸ್ತಕವೇ ಸರಿಯಿಲ್ಲ, ಮಾಲೀಕರ ದುಡ್ಡನ್ನೇ ಸ್ಪಾನ್ಸರ್ ಆದಾಯವೆಂದು ಬರೆದು ನಷ್ಟ ಕಡಿಮೆ ತೋರಿಸಿದ್ದಾರೆ ಎಂದು. ಇದು ಹತ್ತು ಪಟ್ಟು ಭಾರದ ಮಾತು. ಕ್ಲಬ್ಬಿನ ನಿರ್ದೇಶಕರು, ದೊಡ್ಡ ವಿಮಾನ ಕಂಪನಿಯೊಂದರ ಹಿರಿಯರು, ಸಹಿ ಹಾಕಿದ ಆಡಿಟರ್‌ಗಳು, ಇವರೆಲ್ಲ ಒಂದೋ ಸೇರಿಕೊಂಡು ಸುಳ್ಳು ಹೇಳಿದರು, ಇಲ್ಲವೇ ವರ್ಷಗಟ್ಟಲೆ ಕಣ್ಣುಮುಚ್ಚಿ ಕೂತರು ಎಂದು ತೋರಿಸಬೇಕಾಗುತ್ತದೆ.

ಆಡಿಟ್ ಬಗ್ಗೆ ನಿಮ್ಮ ವಾದವನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಅದು ನಮ್ಮ ಕಸುಬಿನ ಮಾತು, ಕಹಿಯಾದರೂ ನಾನೇ ಹೇಳಬೇಕು. ಆಡಿಟರ್ ಏನು ನೋಡುತ್ತಾನೆ? ಸ್ಪಾನ್ಸರ್ ಜೊತೆಗಿನ ಕರಾರು ಇದೆಯೇ, ಬಿಲ್ ಹೋಗಿದೆಯೇ, ಸ್ಪಾನ್ಸರ್ ಹೆಸರಿನ ಖಾತೆಯಿಂದ ಹಣ ಬಂದಿದೆಯೇ. ಮೂರೂ ಇದ್ದರೆ ಟಿಕ್. ಆ ಸ್ಪಾನ್ಸರ್‌ಗೆ ದುಡ್ಡು ಎಲ್ಲಿಂದ ಬಂತು ಎಂದು ಕೇಳುವುದು ಅವನ ಕೆಲಸದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಸತ್ಯಂ ಕಂಪನಿಯಲ್ಲಿ ಐದು ಸಾವಿರ ಕೋಟಿ ರೂಪಾಯಿಗೂ ಮೀರಿದ ಬ್ಯಾಂಕ್ ಬಾಕಿ ಬರೀ ಕಾಗದದ ಮೇಲಿತ್ತು. ಪ್ರತಿವರ್ಷ ಆಡಿಟ್ ಆಗಿತ್ತು. ಅದು ಹೊರಬಂದದ್ದು 2009ರ ಜನವರಿಯಲ್ಲಿ ಅದರ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದಾಗ. ಹಾಗಂತ ಸಿಟಿಯದೂ ಹಾಗೇ ಎನ್ನುತ್ತಿಲ್ಲ. ‘ಆಡಿಟ್ ಆಗಿದೆ’ ಎಂಬುದು ಖುಲಾಸೆಯ ಸರ್ಟಿಫಿಕೇಟ್ ಅಲ್ಲ, ಅಷ್ಟೆ.

ಇನ್ನು ಮೇಲ್‌ಗಳು. 2018ರ ನವೆಂಬರ್‌ನಲ್ಲಿ ಜರ್ಮನಿಯ ಡೇರ್ ಶ್ಪೀಗೆಲ್ ಪತ್ರಿಕೆ ಸಿಟಿಯ ಒಳಗಿನ ಪತ್ರಗಳನ್ನು ಪ್ರಕಟಿಸಿತು. ಅವನ್ನು ಹೊರತೆಗೆದವನು ಪೋರ್ಚುಗಲ್‌ನ ರೂಯಿ ಪಿಂಟೊ. ಅವನಿಗೆ 2023ರಲ್ಲಿ ಲಿಸ್ಬನ್ ನ್ಯಾಯಾಲಯ ನಾಲ್ಕು ವರ್ಷದ ಅಮಾನತು ಶಿಕ್ಷೆ ಕೊಟ್ಟಿತು. ಒಂದು ಮೇಲ್‌ನ ತಿರುಳು ಹೀಗಿತ್ತು: ಎತಿಹಾದ್ ವಿಮಾನ ಕಂಪನಿಯ 6.75 ಕೋಟಿ ಪೌಂಡ್ ಸ್ಪಾನ್ಸರ್‌ಶಿಪ್‌ನಲ್ಲಿ 80 ಲಕ್ಷವನ್ನು ಎತಿಹಾದ್ ನೇರವಾಗಿ ಕೊಡಬೇಕು, ಉಳಿದ 5.95 ಕೋಟಿಯನ್ನು ಮಾಲೀಕ ಶೇಖ್ ಮನ್ಸೂರ್ ಅವರ ಅಬುಧಾಬಿ ಯುನೈಟೆಡ್ ಗ್ರೂಪ್ ಕೊಡಬೇಕು. ಓದಿದವರಿಗೆ ಮತ್ತೇನು ಬೇಕು ಅನ್ನಿಸುತ್ತದೆ. ನಿಮ್ಮ ಷಡ್ಡಕರಿಗೆ ಅನ್ನಿಸಿದ್ದೂ ಅದೇ.

ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ವರ್ಷಗಳ ಹಿಂದೆ ಪೀಣ್ಯದ ಕಡೆಯ ಒಂದು ಬಿಡಿಭಾಗದ ಕಾರ್ಖಾನೆ. ಪಾಲುದಾರರ ಜಗಳ, ಸಾಲ ಕೊಟ್ಟ ಬ್ಯಾಂಕಿಗೆ ಮಾರಾಟ ಉಬ್ಬಿಸಿ ತೋರಿಸಿದ್ದಾರೆಂಬ ಅನುಮಾನ. ನನಗೆ ಮೊದಲ ದಿನವೇ ಒಂದು ಮೇಲ್ ಸಿಕ್ಕಿತು. ‘ಕೊಯಮತ್ತೂರು ಪಾರ್ಟಿಯ ದುಡ್ಡನ್ನು ನಾವೇ ಅರೇಂಜ್ ಮಾಡೋಣ’ ಎಂದು ಒಬ್ಬ ಪಾಲುದಾರ ಬರೆದಿದ್ದ. ನನಗಾಗ ಹುಮ್ಮಸ್ಸು, ವರದಿಯ ಮೊದಲ ಪುಟಕ್ಕೇ ಅದನ್ನು ಹಾಕಿದೆ. ನಮ್ಮ ಹಿರಿಯರು ಅದನ್ನು ಕೆಂಪು ಪೆನ್ನಿನಿಂದ ಹೊಡೆದು ಪಕ್ಕದಲ್ಲಿ ಎರಡೇ ಪದ ಬರೆದರು: ‘ಮಾಡಿದರಾ? ತೋರಿಸು.’

ತೋರಿಸಲು ಸಾಧ್ಯವಾದದ್ದು ಬ್ಯಾಂಕಿನವರು ಆ ಡೀಲರ್‌ನ ಸ್ಟೇಟ್‌ಮೆಂಟನ್ನೂ ತರಿಸಿದ್ದರಿಂದ. ನಮ್ಮ ಕಾರ್ಖಾನೆಗೆ ಡೀಲರ್ ಕಳಿಸಿದ್ದು 38,64,500 ರೂಪಾಯಿ. ಹಿಂದಿನ ದಿನ ಸಂಜೆ ಡೀಲರ್ ಖಾತೆಗೆ ಬಂದು ಬಿದ್ದದ್ದೂ 38,64,500. ಕಳಿಸಿದ ಖಾತೆ ಪಾಲುದಾರನ ಮಾವನದು. ಆ ಮೊತ್ತದ ಬಾಲದ ಐದುನೂರು ರೂಪಾಯಿಯನ್ನು ನಾನು ಇವತ್ತಿಗೂ ಮರೆತಿಲ್ಲ. ದುಂಡಗಿನ ನಲವತ್ತು ಲಕ್ಷವಾಗಿದ್ದರೆ ‘ಕೈಸಾಲ’ ಎಂದು ಹೇಳಿ ಜಾರಿಕೊಳ್ಳುತ್ತಿದ್ದರು. ಅದೇ ಕಡತದಲ್ಲಿ ಶಾರ್ಜಾದ ಇನ್ನೊಬ್ಬ ಡೀಲರ್ ಇದ್ದ. ಅದೇ ಬಗೆಯ ಬಿಲ್ಲು, ಅದೇ ಬಗೆಯ ಮೇಲ್, ಅದಕ್ಕಿಂತ ದೊಡ್ಡ ಮೊತ್ತ. ಮೂರು ಪತ್ರ ಬರೆದೆವು, ಉತ್ತರವಿಲ್ಲ. ಅಲ್ಲಿನ ಬ್ಯಾಂಕು ನಮ್ಮ ಮಾತು ಕೇಳಬೇಕಾದ ಅಗತ್ಯವೂ ಇಲ್ಲ. ವರದಿಯಲ್ಲಿ ಕೊಯಮತ್ತೂರಿಗೆ ‘ಸುಳ್ಳು ಮಾರಾಟ’ ಎಂದೂ ಶಾರ್ಜಾಕ್ಕೆ ‘ಖಚಿತಪಡಿಸಿಕೊಳ್ಳಲಾಗಲಿಲ್ಲ’ ಎಂದೂ ಬರೆದು ಸಹಿ ಹಾಕಿದೆ. ಎರಡೂ ಒಂದೇ ಆಟ ಎಂದು ನನಗೆ ಒಳಗೊಳಗೇ ಗೊತ್ತಿತ್ತು. ಆದರೆ ಒಳಗೊಳಗೆ ಗೊತ್ತಿರುವುದಕ್ಕೆ ವರದಿಯಲ್ಲಿ ಕಾಲಂ ಇಲ್ಲ.

ಸಿಟಿ ವಿಷಯದಲ್ಲಿ 2020ರಲ್ಲಿ ಯುಇಎಫ್‌ಎಗೆ ಆದದ್ದು ಬಹುಮಟ್ಟಿಗೆ ಈ ಶಾರ್ಜಾ ಕಥೆಯೇ. ಫೆಬ್ರುವರಿ 14ಕ್ಕೆ ಯುಇಎಫ್‌ಎ ಎರಡು ಸೀಸನ್ ನಿಷೇಧ ಮತ್ತು 3 ಕೋಟಿ ಯೂರೋ ದಂಡ ಹಾಕಿತು. ಸಿಟಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಕ್ರೀಡಾ ನ್ಯಾಯ ಮಂಡಳಿ, ಸಿಎಎಸ್‌ಗೆ ಹೋಯಿತು. ಪ್ಯಾರಿಸ್ ಒಲಿಂಪಿಕ್ಸ್ ವೇಳೆ ವಿನೇಶ್ ಫೋಗಟ್ ಅರ್ಜಿ ಹಾಕಿದ್ದು ಇದೇ ಮಂಡಳಿಗೆ. ಜುಲೈ 13ಕ್ಕೆ ನಿಷೇಧ ರದ್ದಾಯಿತು, ದಂಡ 1 ಕೋಟಿ ಯೂರೋಗೆ ಇಳಿಯಿತು. ಮೂವರ ಪೀಠ, ಒಮ್ಮತವಿರಲಿಲ್ಲ, ಬಹುಮತದ ತೀರ್ಪು. ಕದ್ದ ಮೇಲ್‌ಗಳೆಂಬ ಕಾರಣಕ್ಕೆ ಪೀಠ ಅವನ್ನು ಪಕ್ಕಕ್ಕೆ ಸರಿಸಲಿಲ್ಲ, ಪುರಾವೆಯಾಗಿ ಒಪ್ಪಿಕೊಂಡಿತು. ಒಂದು ಮೇಲ್ ಮಾತ್ರ ಎರಡು ಬೇರೆ ಮೇಲ್‌ಗಳ ತುಣುಕು ಸೇರಿ ಪ್ರಕಟವಾಗಿತ್ತೆಂದು ಗೊತ್ತಾಯಿತು. ತೊಡಕು ಬಂದದ್ದು ನಮ್ಮ ಹಿರಿಯರ ಕೆಂಪು ಪೆನ್ನು ಕೇಳಿದ ಜಾಗದಲ್ಲೇ. ಮೇಲ್‌ನಲ್ಲಿ ಬರೆದಂತೆ ಮಾಲೀಕರ ಕಡೆಯಿಂದ ಎತಿಹಾದ್‌ಗೆ ಹಣ ಹೋದದ್ದಕ್ಕೆ ದಾಖಲೆ ಎಲ್ಲಿ? ಸಿಟಿ ಕಡೆಯ ಸಾಕ್ಷಿಗಳು ಬಂದು ಹಾಗೆ ಆಗಲಿಲ್ಲ ಎಂದರು. ಯುಇಎಫ್‌ಎ ಬಳಿ ಅವರನ್ನು ಸುಳ್ಳುಗಾರರೆಂದು ತೋರಿಸುವ ಬ್ಯಾಂಕ್ ಕಾಗದ ಇರಲಿಲ್ಲ. ಇನ್ನಷ್ಟು ದಾಖಲೆ ಕೊಡಿಸಿ ಎಂದು ಪಟ್ಟು ಹಿಡಿಯಬಹುದಿತ್ತು. ಮುಂದಿನ ಸೀಸನ್ ಶುರುವಾಗುವ ಮೊದಲು ತೀರ್ಪು ಬೇಕೆಂಬ ಅವಸರದಲ್ಲಿ ಆ ಪಟ್ಟನ್ನೂ ಬಿಟ್ಟಿತು. ನನಗೆ ಕೇಳಿದರೆ ಅದು ಆ ಪ್ರಕರಣದ ದೊಡ್ಡ ಎಡವಟ್ಟು.

ಹಾಗಾಗಿ ನಿಮ್ಮ ‘ಖುಲಾಸೆ’ ಎಂಬ ಪದಕ್ಕೂ ಸ್ವಲ್ಪ ಕತ್ತರಿ ಹಾಕಬೇಕು. ಮಂಡಳಿ ಬಳಸಿದ ಮಾತು ಎರಡು: ಹೆಚ್ಚಿನ ಆರೋಪಗಳು ಒಂದೋ ಸಾಬೀತಾಗಲಿಲ್ಲ, ಇಲ್ಲವೇ ಅವಧಿ ಮೀರಿದ್ದವು. ಯುಇಎಫ್‌ಎ ನಿಯಮದಲ್ಲಿ ಐದು ವರ್ಷಕ್ಕಿಂತ ಹಳೆಯದನ್ನು ಕೆದಕುವಂತಿಲ್ಲ. ಎತಿಸಲಾತ್ ದೂರಸಂಪರ್ಕ ಕಂಪನಿಯ ಹೆಸರಿನಲ್ಲಿ ಬಂದ ತಲಾ 1.5 ಕೋಟಿ ಪೌಂಡಿನ ಎರಡು ಕಂತುಗಳು 2012 ಮತ್ತು 2013ರವು. ಅವನ್ನು ಸರಿ ತಪ್ಪು ಎಂದು ತೂಗುವ ಪ್ರಶ್ನೆಯೇ ಬರಲಿಲ್ಲ, ದಿನಾಂಕದ ಮೇಲೆಯೇ ಬಿದ್ದುಹೋದವು. ಪ್ರೀಮಿಯರ್ ಲೀಗ್ ನಿಯಮದಲ್ಲಿ ಆ ಐದು ವರ್ಷದ ಗೋಡೆ ಇಲ್ಲ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಕರಾರು ಮುರಿದದ್ದಕ್ಕೆ ಆರು ವರ್ಷದ ಗಡಿ ಇದೆ. ಆದರೆ ಬೇಕೆಂದೇ ಮುಚ್ಚಿಟ್ಟದ್ದಾದರೆ ಗಡಿಯಾರ ಶುರುವಾಗುವುದು ವಿಷಯ ಗೊತ್ತಾದಾಗಲೇ. ‘ಮತ್ತೆ ಅದೇ ಕೇಸು’ ಎಂಬುದು ಅರ್ಧ ನಿಜ ಅಷ್ಟೆ. ಮೂಲ ಘಟನೆಗಳು ಕೆಲವು ಅವೇ, ಕೇಳುವವರು ಬೇರೆ, ನಿಯಮ ಬೇರೆ, ಅವಧಿ ಬೇರೆ, ಈ ಸಲ ಕೈಗೆ ಸಿಕ್ಕ ಕಾಗದವೂ ಹೆಚ್ಚಿರಬಹುದು. ಹೊಸದಾಗಿ ಸೇರಿದ್ದೂ ಇದೆ. ಮಾಜಿ ಮ್ಯಾನೇಜರ್ ರೊಬೆರ್ಟೊ ಮಾಂಚಿನಿ ಅವರಿಗೆ ಅಬುಧಾಬಿಯ ಅಲ್ ಜಜೀರಾ ಕ್ಲಬ್ಬಿನ ಸಲಹೆಗಾರನೆಂಬ ಇನ್ನೊಂದು ಕರಾರಿನಿಂದ ಸಂಬಳದ ಒಂದು ಭಾಗ ಹೋಗುತ್ತಿತ್ತು ಎಂಬ ಆರೋಪ ಅದರಲ್ಲೊಂದು.

ಎಷ್ಟು ಪುರಾವೆ ಸಾಕು ಎಂಬುದರ ಬಗ್ಗೆ ಬಹಳ ಗೊಂದಲವಿದೆ. ಲೀಗಿನ ಪಂಚಾಯ್ತಿಯಲ್ಲಿ ಕ್ರಿಮಿನಲ್ ಕೋರ್ಟಿನಂತೆ ಎಳ್ಳಷ್ಟೂ ಅನುಮಾನ ಉಳಿಯದ ಹಾಗೆ ಸಾಬೀತು ಮಾಡಬೇಕಿಲ್ಲ. ಆಗಿರುವ ಸಂಭವ ಆಗದಿರುವ ಸಂಭವಕ್ಕಿಂತ ಒಂದು ಗುಲಗಂಜಿ ಹೆಚ್ಚಿದ್ದರೆ ಸಾಕು, ಸಿವಿಲ್ ದಾವೆಯ ಹಾಗೆ. ಕೇಳಲು ಸುಲಭ. ಕೂತು ತೂಗುವಾಗ ಹಾಗಿರುವುದಿಲ್ಲ. ಬನಶಂಕರಿಯಲ್ಲಿ ಆಟೊದವನು ಮೀಟರ್ ಹಾಕಲಿಲ್ಲ ಎಂದು ನೀವು ಮನೆಗೆ ಬಂದು ಹೇಳಿದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ದುಡ್ಡೇ ಬೇಡ ಅಂದ ಎಂದರೆ ನಿಮ್ಮ ಹೆಂಡತಿಯೇ ಎರಡು ಸಲ ಕೇಳುತ್ತಾರೆ. ಅಪರೂಪದ ಮಾತನ್ನು ನಂಬಿಸಲು ಹೆಚ್ಚು ಗಟ್ಟಿಯಾದ ಪುರಾವೆ ಬೇಕು. ಹೆಸರಾಂತ ಕಂಪನಿಗಳ ಹತ್ತಾರು ಹಿರಿಯರು ಒಂಬತ್ತು ವರ್ಷ ಒಟ್ಟಾಗಿ ಸುಳ್ಳು ಹೇಳಿದರು ಎಂಬುದು ಅಪರೂಪದ ಮಾತು. ಅಳತೆಗೋಲು ಬದಲಾಗದಿದ್ದರೂ ಅದಕ್ಕೆ ಬೇಕಾದ ತೂಕ ಜಾಸ್ತಿ.

ಆ ತೂಕದ ಕಾಗದ ಯಾರ ಬೀರುವಿನಲ್ಲಿದೆ? ಪ್ರೀಮಿಯರ್ ಲೀಗ್ ಎಂದರೆ ಸರ್ಕಾರಿ ಇಲಾಖೆಯಲ್ಲ. ಇಪ್ಪತ್ತು ಕ್ಲಬ್ಬುಗಳೇ ಷೇರುದಾರರಾಗಿರುವ ಖಾಸಗಿ ಕಂಪನಿ. ಸಿಟಿಯೂ ಅದರಲ್ಲೊಂದು. ಅದಕ್ಕಿರುವ ಅಧಿಕಾರವೆಲ್ಲ ಕ್ಲಬ್ಬುಗಳು ಸಹಿ ಹಾಕಿದ ನಿಯಮಾವಳಿಯಿಂದ ಬಂದದ್ದು. ದಾಳಿ ಮಾಡುವಂತಿಲ್ಲ, ಫೋನ್ ಕದ್ದಾಲಿಸುವಂತಿಲ್ಲ, ಅಬುಧಾಬಿಯ ವಿಮಾನ ಕಂಪನಿಗೆ ‘ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ’ ಎಂದು ಆಜ್ಞೆ ಮಾಡುವಂತಿಲ್ಲ. ಕ್ಲಬ್ಬಿಗೆ ಮಾತ್ರ ಕೇಳಬಹುದು. ಕೇಳಿದರೆ ಕ್ಲಬ್ಬು ಕೋರ್ಟಿಗೆ ಹೋಗಬಹುದು, ಹೋಯಿತು ಕೂಡ. 2021ರ ಜುಲೈನಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯದ ಒಂದು ತೀರ್ಪಿನಿಂದ ಇದು ಹೊರಬಂತು. ಎರಡೂವರೆ ವರ್ಷವಾದರೂ ತನಿಖೆ ಇಷ್ಟೇ ಮುಂದುವರಿದಿದೆ, ಅಷ್ಟರಲ್ಲಿ ಈ ಕ್ಲಬ್ಬು ಎರಡು ಸಲ ಚಾಂಪಿಯನ್ ಆಗಿದೆ ಎಂದು ನ್ಯಾಯಮೂರ್ತಿಯೊಬ್ಬರು ಅಚ್ಚರಿಪಟ್ಟಿದ್ದರು. ತಮಾಷೆಯೆಂದರೆ, ಕೋರ್ಟಿನ ಆ ಜಗಳದ ವಿವರ ಪ್ರಕಟವಾಗಬಾರದು ಎಂದು ಕ್ಲಬ್ಬೂ ಲೀಗೂ ಒಂದೇ ದನಿಯಲ್ಲಿ ಬೇಡಿದ್ದವು.

ಇಟಲಿಯ ಯುವೆಂಟಸ್ ಪ್ರಕರಣ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆಟಗಾರರ ವಿನಿಮಯದಲ್ಲಿ ಬೆಲೆ ಉಬ್ಬಿಸಿ ಲಾಭ ತೋರಿಸಿದರು ಎಂಬ ಆರೋಪದ ಮೇಲೆ 2022ರಲ್ಲಿ ಆ ಕ್ಲಬ್ಬನ್ನೂ ಇತರ ಕ್ಲಬ್ಬುಗಳನ್ನೂ ಕ್ರೀಡಾ ಪಂಚಾಯ್ತಿ ಬಿಟ್ಟುಕಳಿಸಿತು. ಆಟಗಾರನ ‘ನಿಜ ಬೆಲೆ’ ತೂಗುವ ತಕ್ಕಡಿ ಎಲ್ಲಿದೆ ಎಂಬುದೇ ಸಮಸ್ಯೆ. ಆಮೇಲೆ ಟ್ಯೂರಿನ್‌ನ ಸರ್ಕಾರಿ ಅಭಿಯೋಜಕರ ತನಿಖೆಯಲ್ಲಿ ಸಿಕ್ಕ ಕದ್ದಾಲಿಸಿದ ಫೋನ್ ಮಾತು, ವಶಪಡಿಸಿಕೊಂಡ ಕೈಬರಹದ ಟಿಪ್ಪಣಿಗಳು ಪಂಚಾಯ್ತಿಯ ಮೇಜಿಗೆ ಬಂದವು. ಪ್ರಕರಣ ಮತ್ತೆ ತೆರೆಯಿತು. 2023ರ ಜನವರಿಯಲ್ಲಿ 15 ಅಂಕ ಕಡಿತ, ಅದು ರದ್ದಾಗಿ ಮೇ ತಿಂಗಳಲ್ಲಿ 10ಕ್ಕೆ ನಿಂತಿತು. ಆರೋಪ ಅದೇ, ಕ್ಲಬ್ಬು ಅದೇ, ಮೊದಲ ಸಲ ಖುಲಾಸೆ, ಎರಡನೇ ಸಲ ಶಿಕ್ಷೆ. ನಡುವೆ ಆದದ್ದು ಒಂದೇ: ಪೊಲೀಸರು ಬಾಗಿಲು ತಟ್ಟಿದ್ದರು.

ನನ್ನ ಅನುಭವದಲ್ಲಿ ಇಂಥ ಕಾಗದ ಹೊರಬರುವ ದಾರಿಗಳು ಬಹಳವಿಲ್ಲ. ಸರ್ಕಾರದ ದಾಳಿ ಒಂದು. ಒಳಗಿನವನು ಮುನಿಸಿಕೊಂಡು ಹೊರಬರುವುದು ಇನ್ನೊಂದು. ಮಾಲೀಕತ್ವ ಕೈಬದಲಾಗುವುದು ಮೂರನೆಯದು. ಚೆಲ್ಸಿಯಲ್ಲಿ ಆದದ್ದು ಅದೇ. ಹಳೆಯ ಮಾಲೀಕ ಅಬ್ರಮೊವಿಚ್ ಹೋಗಿ 2022ರಲ್ಲಿ ಹೊಸಬರು ಬಂದರು, ಹಳೆಯ ಕಡತ ನೋಡಿದರು, 2012ರಿಂದ 2019ರವರೆಗಿನ ಕೆಲವು ವ್ಯವಹಾರದ ವಿವರ ಅಪೂರ್ಣವಾಗಿದೆ ಎಂದು ತಾವೇ ಹೋಗಿ ವರದಿ ಮಾಡಿದರು, ಯುಇಎಫ್‌ಎಗೆ 1 ಕೋಟಿ ಯೂರೋ ಕಟ್ಟಿ ಮುಗಿಸಿದರು. ಮನೆ ಕೊಂಡವರಿಗೆ ಅಟ್ಟದ ಮೇಲಿನ ಪೆಟ್ಟಿಗೆ ಸಿಕ್ಕ ಹಾಗೆ. ಸಿಟಿಯ ಮಾಲೀಕರು 2008ರಿಂದ ಅವರೇ.

‘ದುಡ್ಡಿನ ಮಹಿಮೆ’ ಎಂಬ ಮಾತಿಗೆ ಬರೋಣ. ಪಂಚಾಯ್ತಿಯವರನ್ನು ಕೊಂಡುಕೊಂಡಿದ್ದಾರೆ ಎಂಬರ್ಥದಲ್ಲಿ ಹೇಳುವುದಾದರೆ ಅದು ಬರೀ ಬಾಯಿಮಾತು, ಅದಕ್ಕೆ ಆಧಾರವಿಲ್ಲ. ದುಡ್ಡು ಕೆಲಸ ಮಾಡುವುದು ಬೇರೆ ರೀತಿಯಲ್ಲಿ. ಲಾರ್ಡ್ ಪ್ಯಾನಿಕ್ ಅವರಂಥ ವಕೀಲರನ್ನು ಇಟ್ಟುಕೊಳ್ಳಬಹುದು. ಪ್ರತಿ ಕಾಗದದ ಮೇಲೂ, ಪಂಚಾಯ್ತಿಗೆ ಅಧಿಕಾರವಿದೆಯೇ ಎಂಬುದರ ಮೇಲೂ ಬೇರೆ ಬೇರೆ ಹೋರಾಟ ಮಾಡಬಹುದು. ಅದೆಲ್ಲ ಕಾನೂನಿನೊಳಗೇ ಇರುವ ಹಕ್ಕು. ಆದರೆ ಪ್ರತಿ ಹೋರಾಟಕ್ಕೂ ತಿಂಗಳುಗಳು ಹೋಗುತ್ತವೆ, ತಿಂಗಳು ಹೋದ ಹಾಗೆ ಜನ ಕೆಲಸ ಬಿಡುತ್ತಾರೆ, ನೆನಪು ಮಸುಕಾಗುತ್ತದೆ, ಅವಧಿಯ ಗೋಡೆ ಹತ್ತಿರ ಬರುತ್ತದೆ. ಸಣ್ಣ ಕ್ಲಬ್ಬಿಗೆ ವಕೀಲರ ಬಿಲ್ಲೇ ಹೆದರಿಕೆ, ಆದಷ್ಟು ಬೇಗ ಒಪ್ಪಿಕೊಂಡು ಅಂಕ ಕಡಿಮೆ ಮಾಡಿಸಿಕೊಳ್ಳುವುದೇ ಲಾಭ. ನಿಮ್ಮ ಷಡ್ಡಕರ ದೂರಿನಲ್ಲಿ ಹುರುಳಿರುವುದು ಇಲ್ಲಿ.

ಹಾಗಾದರೆ ಲೀಗ್ ಮುಂದೆ ಇದ್ದ ದಾರಿಗಳೇನು? ನಾನು ಅವರ ಕಡೆಯ ಆಡಿಟರ್ ಆಗಿದ್ದರೆ ಹೀಗೆ ಯೋಚಿಸುತ್ತಿದ್ದೆ.

ನೇರ ದಾರಿ, ಲೆಕ್ಕವೇ ಸುಳ್ಳು ಎಂದು ತೋರಿಸುವುದು. ಗೆದ್ದರೆ ಪೂರ್ತಿ ಗೆಲುವು. ಪಂಚಾಯ್ತಿ ಕೊಡಬಹುದಾದ ಶಿಕ್ಷೆಗೆ ನಿಯಮದಲ್ಲಿ ಮೇಲ್ಮಿತಿ ಇಲ್ಲ, ದಂಡದಿಂದ ಅಂಕ ಕಡಿತದವರೆಗೆ, ಲೀಗಿನಿಂದ ಹೊರಹಾಕಲು ಶಿಫಾರಸಿನವರೆಗೆ. ಸೋತರೆ ಪೂರ್ತಿ ಸೋಲು. ನಡುವಿನ ಅಂಕವಿಲ್ಲದ ಪರೀಕ್ಷೆ ಇದು.

ಇನ್ನೊಂದು ದಾರಿ, ದುಡ್ಡು ಯಾರದ್ದಾದರೂ ಇರಲಿ, ಸ್ಪಾನ್ಸರ್‌ಶಿಪ್ ಮೊತ್ತ ಮಾರುಕಟ್ಟೆ ದರಕ್ಕಿಂತ ಜಾಸ್ತಿ, ಕೊಟ್ಟವರು ಮಾಲೀಕರಿಗೆ ಸಂಬಂಧಿಸಿದವರು ಎನ್ನುವುದು. ಯಾರನ್ನೂ ಸುಳ್ಳುಗಾರ ಎನ್ನಬೇಕಿಲ್ಲ. ಆದರೆ ಮಾರುಕಟ್ಟೆ ದರ ಎಂಬುದು ತಜ್ಞರ ಜಗಳದ ತವರುಮನೆ, ನನಗಿಷ್ಟು ನಿಮಗಿಷ್ಟು ಎಂದು ಎರಡೂ ಕಡೆಯವರು ದಪ್ಪ ವರದಿ ತರುತ್ತಾರೆ. ‘ಸಂಬಂಧಿಸಿದವರು’ ಎಂಬುದಕ್ಕೆ ಲೆಕ್ಕಶಾಸ್ತ್ರದಲ್ಲಿರುವ ವ್ಯಾಖ್ಯೆಯೂ ಇಕ್ಕಟ್ಟಿನದು. ಒಂದೇ ಊರಿನ ಅರಸು ಮನೆತನದ ಪ್ರಭಾವದಲ್ಲಿರುವ ಎರಡು ಕಂಪನಿಗಳೆಲ್ಲ ತಾವಾಗಿ ಅದರೊಳಗೆ ಬರುವುದಿಲ್ಲ. ಸೌದಿ ನೇತೃತ್ವದ ಕೂಟ ನ್ಯೂಕಾಸಲ್ ಕ್ಲಬ್ಬನ್ನು ಕೊಂಡ ಮೇಲೆ, 2021ರ ಕೊನೆಗೆ, ಲೀಗ್ ಈ ಕಿಂಡಿ ಮುಚ್ಚಲು ಹೊಸ ನಿಯಮ ತಂದಿತು. ಸಿಟಿ ಅದನ್ನೂ ಪ್ರಶ್ನಿಸಿತು. ಆ ಹಳೆಯ ನಿಯಮಗಳು ಊರ್ಜಿತವಲ್ಲ ಎಂದು 2025ರ ಫೆಬ್ರುವರಿಯಲ್ಲಿ ಪಂಚಾಯ್ತಿ ಹೇಳಿದೆ. ನಿಯಮ ಅವಸರದಲ್ಲಿ ಬರೆದರೆ ಆಗುವುದು ಇದೇ. ಲೆಸ್ಟರ್ ಸಿಟಿಯದು ಇನ್ನೂ ವಿಚಿತ್ರ. ಲೆಕ್ಕದ ವರ್ಷ ಮುಗಿಯುವ ಹೊತ್ತಿಗೆ ಕ್ಲಬ್ಬು ಕೆಳಗಿನ ದರ್ಜೆಗೆ ಇಳಿದು ಲೀಗಿನ ಸದಸ್ಯತ್ವದಲ್ಲೇ ಇರಲಿಲ್ಲ ಎಂಬ ವಾದದ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಗೆದ್ದುಬಂತು.

ಮತ್ತೊಂದು, ಅಸಹಕಾರ. ಇದು ಸುಲಭದ ದಾರಿ: ಕೇಳಿದೆವು, ಕೊಡಲಿಲ್ಲ, ಇಗೋ ಪತ್ರವ್ಯವಹಾರ. ಎಲ್ಲ ಕಾಗದವೂ ಲೀಗಿನ ಕೈಯಲ್ಲೇ ಇದೆ. 2020ರಲ್ಲಿ ಸಿಎಎಸ್ ಉಳಿದದ್ದನ್ನು ಬಿಟ್ಟರೂ ಉಳಿಸಿಕೊಂಡ 1 ಕೋಟಿ ಯೂರೋ ದಂಡ ಇದಕ್ಕಾಗಿಯೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೊಡದಿದ್ದದ್ದೇ ತಪ್ಪೊಪ್ಪಿಗೆ ಎಂದು ಜನ ತೀರ್ಮಾನಿಸುತ್ತಾರೆ. ಪಂಚಾಯ್ತಿ ಅಷ್ಟು ಸಲೀಸಾಗಿ ತೀರ್ಮಾನಿಸುವುದಿಲ್ಲ. ಕಾಗದ ಬಚ್ಚಿಟ್ಟದ್ದಕ್ಕೆ ಪ್ರತಿಕೂಲ ಊಹೆ ಮಾಡಬಹುದು, ಬರೀ ಊಹೆಯ ಮೇಲೆ ಒಂಬತ್ತು ವರ್ಷದ ಲೆಕ್ಕ ಸುಳ್ಳೆಂದು ಬರೆಯುವುದು ಕಷ್ಟ.

ಕೊನೆಯದು ರಾಜಿ. ಸಿಟಿ 2014ರಲ್ಲಿ ಯುಇಎಫ್‌ಎ ಜೊತೆ ಮಾಡಿಕೊಂಡದ್ದು ಅದನ್ನೇ. 6 ಕೋಟಿ ಯೂರೋ ದಂಡ, ಅದರಲ್ಲಿ 4 ಕೋಟಿ ಷರತ್ತಿನ ಮೇಲೆ ಮಾಫಿ. ಎರಡೂ ಕಡೆಗೆ ನೆಮ್ಮದಿ. ಆದರೆ ನಿಜ ಏನೆಂದು ಯಾರಿಗೂ ಗೊತ್ತಾಗುವುದಿಲ್ಲ, ಆ ಹೊಗೆ ಇಂದಿಗೂ ಆಡುತ್ತಿದೆ. ಈ ಸಲ ಅದು ಲೀಗಿಗೆ ಬಹಳ ದುಬಾರಿ ಆಗುತ್ತಿತ್ತು, ಉಳಿದ ಹತ್ತೊಂಬತ್ತು ಷೇರುದಾರರು ಸುಮ್ಮನಿರುತ್ತಿರಲಿಲ್ಲ.

ಇದರಲ್ಲಿ ಯಾವುದು ಫಲಿಸುತ್ತದೆ? ಊಹೆ ಮಾಡಿ ಎಂದರೆ ಇಷ್ಟು ಹೇಳಬಲ್ಲೆ. ಅಸಹಕಾರದ ಆರೋಪದಲ್ಲಿ ಕೆಲವಾದರೂ ನಿಲ್ಲದಿದ್ದರೆ ನನಗೆ ಆಶ್ಚರ್ಯ. ಮ್ಯಾನೇಜರ್ ಸಂಬಳದ ಎಳೆ ನಡುವಿನದು. ಅಲ್ಲಿ ಇನ್ನೊಂದು ಕರಾರು ಇತ್ತೇ, ಅದಕ್ಕೆ ತಕ್ಕ ಕೆಲಸ ನಡೆಯಿತೇ ಎಂದು ನೋಡಬಹುದು, ಆದರೆ ಅದು ಪ್ರಕರಣದ ಸಣ್ಣ ಭಾಗ. ದಪ್ಪ ಎಳೆ, ಸ್ಪಾನ್ಸರ್ ದುಡ್ಡಿನದು, ಪೂರ್ತಿ ಒಂದು ಪ್ರಶ್ನೆಯ ಮೇಲೆ ನಿಂತಿದೆ: 2020ರಲ್ಲಿ ಯುಇಎಫ್‌ಎ ಬಳಿ ಇರದ ಯಾವ ಕಾಗದ ಈ ಲೀಗ್ ಬಳಿ ಇದೆ? ಹತ್ತು ವಾರ ಮೀರಿ ವಾದ ನಡೆದಿದೆ ಎಂದರೆ ಬರೀ ಹಳೆಯ ಮೇಲ್‌ಗಳನ್ನೇ ಓದುತ್ತಾ ಕೂತಿರಲಿಕ್ಕಿಲ್ಲ.

ತೀರ್ಪು ಬಂದ ದಿನ ಟಿವಿಯವರು ಅಂಕ, ದಂಡ, ಕಪ್ ಎಂದು ಕೂಗುತ್ತಿರುತ್ತಾರೆ. ನೀವು ಅದನ್ನು ಬಿಟ್ಟು ಕಾರಣಗಳ ಭಾಗ ಸಿಕ್ಕರೆ ಓದಿ. ಹಣದ ಜಾಡು ಎರಡೂ ತುದಿಯಿಂದ ಸಿಕ್ಕಿತೇ ಅಥವಾ ಒಂದೇ ತುದಿಯಿಂದಲೇ, ಅದನ್ನು ಹುಡುಕಿ. ‘ಆಗಿಲ್ಲ’ ಎಂದಿದ್ದಾರೋ, ‘ತೋರಿಸಲಾಗಲಿಲ್ಲ’ ಎಂದಿದ್ದಾರೋ, ‘ಅವಧಿ ಮೀರಿದೆ’ ಎಂದಿದ್ದಾರೋ ಗಮನಿಸಿ. ಮೂರಕ್ಕೂ ಪತ್ರಿಕೆಯಲ್ಲಿ ‘ಖುಲಾಸೆ’ ಎಂಬ ಒಂದೇ ತಲೆಬರಹ ಬರುತ್ತದೆ.

ಇನ್ನು ಆಗಲೇ ಹೇಳಿದ್ದೆನಲ್ಲ, ನಿಮ್ಮ ಷಡ್ಡಕರಿಗೆ ಗೊತ್ತಿರಲಾರದ ಸಂಗತಿ. ಹಣಕಾಸಿನ ಆರೋಪಗಳು 2009-10ರಿಂದ 2017-18ರವರೆಗಿನವು. ಅವರು ಒಂದೊಂದು ಅಂಕದಲ್ಲಿ ಕಳೆದುಕೊಂಡ 2019 ಮತ್ತು 2022ರ ಸೀಸನ್‌ಗಳು ಅದರಲ್ಲಿ ಇಲ್ಲವೇ ಇಲ್ಲ. ಆ ಅವಧಿಗೆ ಇರುವುದು ಅಸಹಕಾರದ ಆರೋಪ ಮಾತ್ರ. ಲಿವರ್‌ಪೂಲ್ ಎರಡು ಅಂಕದಲ್ಲಿ ಸೋತ 2013-14 ಇದೆ. ನಿಮ್ಮ ಹಾಸ್ಟೆಲ್ ರಾತ್ರಿಯ 2011-12 ಕೂಡ ಇದೆ, ಅದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ. ಅಗ್ವೆರೋ ಒದ್ದದ್ದು ಚೆಂಡನ್ನೇ, ಅದರಲ್ಲಿ ಸುಳ್ಳಿಲ್ಲ. ಅವನ ಸಂಬಳದ ದುಡ್ಡು ಯಾವ ಖಾತೆಯಿಂದ ಹೊರಟಿತ್ತು ಎಂಬುದಷ್ಟೇ ಪಂಚಾಯ್ತಿಯ ಮುಂದಿರುವುದು. ಮುಂದಿನ ಹಬ್ಬಕ್ಕೆ ಅವರು ಹೋಳಿಗೆ ಹಿಡಿದು ‘ನೂರಾ ಹದಿನೈದು ಹಾಕಲಾ’ ಎಂದರೆ, ‘ಹಾಕಿ, ಆದರೆ ಮೂವತ್ತೈದನ್ನು ಬೇರೆ ಎಲೆಗೆ ಬಡಿಸಿ’ ಅನ್ನಿ. ಯಾಕೆ ಎಂದು ಕೇಳುತ್ತಾರೆ. ಆಗ ಪೀಣ್ಯದ ಕಥೆ ಹೇಳಿ.